ನನ್ನ ಬೆಳ್ಳಿ ಹೆಬ್ಬೆರಳು

ನನ್ನ ಅಂಗಾಲಿನ ಬಗ್ಗೆ ನನಗೆ ಮೊದಲಿನಿಂದಲೂ ಜಂಬ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಓದಿದವರಿಗೆ ಸರ್ಟಿಫಿಕೇಟು ಇದ್ದ ಹಾಗೆ ನನಗೆ ಅಂಗಾಲು. ಬಿಸಿಲಿಗೆ ಕಾದ ಬಂಡೆಯ ಮೇಲೂ ಬರಿಗಾಲಲ್ಲಿ ನಡೆಯುತ್ತಿದ್ದೆ. ‘ನನ್ ಕಾಲಿಗೆ ಚುಚ್ಚಿದ್ರೆ ಮುಳ್ಳೇ ಮುರೀಬೇಕು’ ಎಂದು ಡೇರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದೆ. ಈಚೆಗಂತೂ ಮುಳ್ಳು ಹೊಕ್ಕಿದ್ದೇ ತಿಳಿಯುತ್ತಿರಲಿಲ್ಲ. ವಯಸ್ಸಾದಷ್ಟೂ ಗಟ್ಟಿಯಾಗುತ್ತಿದ್ದೇನೆ ಅಂದುಕೊಂಡೆ. ಹುಣಸೆಮರ ಹಾಗಲ್ಲವೇ?

ಸಕ್ಕರೆ ಕಾಯಿಲೆ ಇದೆಯೆಂದು ಊರಿನ ಕ್ಯಾಂಪೊಂದರಲ್ಲಿ ಹೇಳಿದ್ದರು. ಕೊಟ್ಟ ಮಾತ್ರೆಗಳನ್ನು ಮುಗಿಯುವ ತನಕ ನುಂಗಿದೆ. ಮಾತ್ರೆ ಮುಗಿದ ಮೇಲೆ ಕಾಯಿಲೆಯೂ ಮುಗಿಯಿತು ಎಂದು ನಾನೇ ತೀರ್ಪು ಕೊಟ್ಟೆ. ಹೆಂಡತಿ ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: “ಮುದ್ದೆ ತಿಂದು ಗೇಯೋನ ಮೈಯಾಗೆ ಸುಗರ್ರು ಎಲ್ಲಿ ನಿಂತ್ಕಂತೈತೆ? ಬೆವರಾಗೆ ಓಗ್ಬಿಡ್ತೈತೆ.”

ನಮ್ಮದು ಬೂದಿಕೋಟೆ ಕಡೆಯ ಹಳ್ಳಿ. ಮನೆ ನಡೆಯುವುದು ಸೀಮೆ ಹಸುಗಳ ಹಾಲಿನಿಂದ. ಕೊಟ್ಟಿಗೆಗೆ ನಾವು ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಹಸು ನಿಂತ ಜಾಗ ಲಕ್ಷ್ಮಿ ನಿಂತ ಜಾಗ ಎಂದು ಅಮ್ಮ ಹೇಳಿಕೊಟ್ಟದ್ದು. ಒಂದು ಬೆಳಿಗ್ಗೆ ಹಾಲು ಕರೆದು ಎದ್ದಾಗ ಸಿಮೆಂಟು ನೆಲದ ಮೇಲೆ ರಕ್ತದ ಕಲೆ ಕಂಡೆ. ಯಾವ ಹಸುವಿಗೆ ಏನಾಯಿತೋ! ಒಂದೊಂದರ ಕಾಲೂ ಎತ್ತಿ ಗೊರಸಿನ ಸಂದಿಯಲ್ಲಿ ಬೆರಳಾಡಿಸಿದೆ. ಕೆಚ್ಚಲು ನೋಡಿದೆ, ಬಾಲ ಎತ್ತಿಯೂ ನೋಡಿದೆ. ಏನೂ ಕಾಣಲಿಲ್ಲ. ಕಲೆಗಳು ಮಾತ್ರ ಹೆಚ್ಚುತ್ತಲೇ ಇದ್ದವು. ಹೆದರಿ ದನದ ಡಾಕ್ಟರಿಗೆ ಫೋನ್ ಮಾಡಿದೆ.

ಅವರು ಬಂದು ಹಸುಗಳನ್ನು ನೋಡಿದರು, ನೆಲ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಯಜಮಾನ್ರೇ, ಸ್ವಲ್ಪ ಹಿಂದಕ್ಕೆ ಸರೀರಿ.”

ಸರಿದೆ. ನಾನು ನಿಂತಿದ್ದ ಕಡೆ ಹೊಸ ಕಲೆ.

ಹೆಬ್ಬೆರಳಿನ ಬುಡದಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು. ಎಷ್ಟು ದಿನದ್ದೋ, ಸುತ್ತ ಕೀವಾಗಿತ್ತು. “ನೋವಿಲ್ವಾ?” ಎಂದರು. “ಇಲ್ಲ ಸಾರ್,” ಎಂದೆ, ಹಾರ ಹಾಕಿಸಿಕೊಳ್ಳುವವನ ಹಾಗೆ ಎದೆ ಉಬ್ಬಿಸಿ.

“ಅದೇ ಭಯ. ಇವತ್ತೇ ಆಸ್ಪತ್ರೆಗೆ ಹೋಗಿ. ನಾನು ನಾಲ್ಕು ಕಾಲಿನೋರಿಗೆ ಮಾತ್ರ ಡಾಕ್ಟ್ರು.”

ಅವರ ಬೈಕು ತಿರುವು ದಾಟಿದ್ದೇ ತಡ, ನನ್ನ ವೈದ್ಯ ಶುರುವಾಯಿತು. ಮುಳ್ಳು ಕಿತ್ತೆ. ಗೂಡಿನಲ್ಲಿ ಹಸುವಿನ ಗಾಯಕ್ಕೆ ಹೊಡೆಯುವ ಸ್ಪ್ರೇ ಇತ್ತು. ಹೊಡೆದರೆ ಬೆಳ್ಳಿ ಬಣ್ಣ ಕೂರುತ್ತದೆ. ಅಷ್ಟು ದೊಡ್ಡ ಹಸುವಿಗೆ ಆಗುವ ಔಷಧಿ ಈ ಬೆರಳಿಗೆ ಆಗದೇ ಎಂದು ಲೆಕ್ಕ ಹಾಕಿ, ಧಾರಾಳವಾಗಿ ಹೊಡೆದೆ. ಹೆಬ್ಬೆರಳು ದೇವರ ಮುಖವಾಡದಂತೆ ಥಳಥಳ ಹೊಳೆಯಿತು.

ಹೆಂಡತಿ ನೋಡಿ, “ನಂಗೆ ಬೆಳ್ಳಿ ಕಾಲುಂಗ್ರ ಕೊಡ್ಸಿ ಅಂದ್ರೆ ನೀವೇ ಆಕ್ಕೊಂಡ್ರಾ?” ಎಂದಳು.

ಕೆಲವು ದಿನ ಹೀಗೇ ಹೋಯಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಮೂಗು ಸಿಂಡರಿಸಿದಳು: “ಏನೋ ನಾರ್ತೈತೆ. ಇಲಿ ಸತ್ತೈತೇನೋ.” ಇಬ್ಬರೂ ಇಲಿ ಹುಡುಕಲು ಎದ್ದೆವು. ನಾನಂತೂ ರಾಗಿ ಮೂಟೆ ಜರುಗಿಸಿ ಗೋಡೆ ಸಂದಿಯಲ್ಲೆಲ್ಲ ಕೋಲಾಡಿಸಿದೆ. ನಾನು ಹೋದ ಕಡೆಗೆಲ್ಲ ಇಲಿಯ ವಾಸನೆಯೂ ಬಂತು. ಅವಳು ತಟ್ಟನೆ ನನ್ನ ಕಾಲು ನೋಡಿದಳು. ಬೆಳ್ಳಿಯ ಕೆಳಗೆ ಬೆರಳು ಬದನೆಕಾಯಿಯಂತೆ ಊದಿತ್ತು.

“ನೋವೇ ಇಲ್ಲ ಕಣೇ...”

“ಬಾಯಿ ಮುಚ್ರಿ. ಅಸ ಒಂದೊತ್ತು ಮೇವು ಬಿಟ್ರೆ ಡಾಕ್ಟ್ರನ್ನ ಕರೀತೀರ. ಏಳಿ, ಬಸ್ ಬತ್ತೈತೆ.”

ಬಂಗಾರಪೇಟೆಯಲ್ಲಿ ಬಸ್ಸು ಬದಲಿಸಿ ರಾಬರ್ಟ್‌ಸನ್‌ಪೇಟೆಯ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರಮ್ಮ ಬೆಳ್ಳಿ ತೊಳೆಯುವುದರಲ್ಲೇ ಸುಸ್ತಾದರು. “ಇದ್ಯಾರು ಪೇಂಟ್ ಮಾಡಿದ್ದು?” ಎಂದರು. ನಾನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ. “ಇವ್ರೇ. ಅಸೀನ ಡಾಕ್ಟ್ರು,” ಎಂದಳು ಹೆಂಡತಿ.

ರಕ್ತ ಪರೀಕ್ಷೆಯಾಯಿತು. ಸಕ್ಕರೆ ಬೆವರಿನಲ್ಲಿ ಹೋಗಿರಲಿಲ್ಲ. ಆಮೇಲೆ ಅವರು ಗಾಳದ ದಾರದಂಥ ಎಳೆಯೊಂದನ್ನು ತೆಗೆದು, “ಅಣ್ಣಾ, ಕಣ್ಣು ಮುಚ್ಚಿ. ಕಾಲಿಗೆ ತಾಗಿದಾಗೆಲ್ಲ ಹೂಂ ಅನ್ನಿ,” ಎಂದರು. ಕಣ್ಣು ಮುಚ್ಚಿದೆ. ಹೊರಗೆ ಆಟೋಗಳ ಸದ್ದು, ಯಾರೋ ತಮಿಳಲ್ಲಿ ಚೌಕಾಸಿ ಮಾಡುವುದು, ಎಲ್ಲ ಕೇಳಿಸುತ್ತಿತ್ತು. ಕಾಯ್ದು ಕಾಯ್ದು ಬೇಜಾರಾಗಿ, “ಶುರು ಮಾಡಿ ಮೇಡಂ,” ಎಂದೆ.

“ಮುಗೀತು ಅಣ್ಣಾ.”

ಕಣ್ಣು ತೆರೆದರೆ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಅಷ್ಟು ಹೊತ್ತೂ ಆ ಎಳೆ ನನ್ನ ಅಂಗಾಲನ್ನು ಅಲ್ಲಲ್ಲಿ ಒತ್ತುತ್ತಲೇ ಇತ್ತಂತೆ. ಅವಳು ಎಲ್ಲ ನೋಡಿದ್ದಳು. ನನಗೆ ಒಂದೂ ತಾಗಿರಲಿಲ್ಲ. ಹುಣಸೆಮರದಷ್ಟು ಗಟ್ಟಿ ಎಂದು ನಾನು ಕೊಚ್ಚಿಕೊಂಡದ್ದು ನರ ಸತ್ತ ಕಾಲಿನ ಬಗ್ಗೆ.

“ಬೆರಳು ಉಳಿಯುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ,” ಎಂದರು ಡಾಕ್ಟರಮ್ಮ. “ನೋವಿದ್ರೆ ಮನುಷ್ಯ ಓಡಿ ಬರ್ತಾನೆ. ನೋವಿಲ್ಲದ ಕಾಲಿಗೆ ಕಣ್ಣೇ ಕಾವಲು. ದಿನಾ ನೋಡ್ಬೇಕು. ಬರಿಗಾಲು ಬೇಡ, ಕೊಟ್ಟಿಗೇಲೂ ಬೇಡ. ನಾವು ಹೇಳದೆ ಮಾತ್ರೆ ನಿಲ್ಲಿಸ್ಬೇಡಿ.”

ಕಾಲೂರಬಾರದೆಂದು ಅಪ್ಪಣೆಯಾಯಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೊಟ್ಟಿಗೆಗೆ ಕೂಗಿ ಕೂಗಿ ಬುದ್ಧಿ ಹೇಳಿದೆ. ನಾನಿಲ್ಲದೆ ಹಸುಗಳು ಸೊರಗುತ್ತವೆ ಎಂದಿದ್ದೆ. ಕೃತಘ್ನ ಪ್ರಾಣಿಗಳು ಹೆಂಡತಿಯ ಕೈಗೆ ನನಗಿಂತ ಹೆಚ್ಚೇ ಹಾಲು ಕೊಟ್ಟವು. ಡ್ರೆಸಿಂಗಿಗೆ ಹೋಗಿ ಬರುವಾಗೆಲ್ಲ ಬಸ್ಸಿನಲ್ಲಿ ಕೂತು ಹೆಬ್ಬೆರಳಿಲ್ಲದೆ ಹೊಲದ ಬದುವಿನ ಮೇಲೆ ಹೇಗೆ ನಡೆಯುವುದೆಂದು ಮನಸ್ಸಿನಲ್ಲೇ ನಡೆದು ನೋಡುತ್ತಿದ್ದೆ.

ಬೆರಳು ಉಳಿಯಿತು. ಉಗುರು ಹೋಯಿತು, ತುದಿ ಸ್ವಲ್ಪ ಸೊಟ್ಟ. ಈಗ ಕೊಟ್ಟಿಗೆಗೆಂದೇ ಬೇರೆ ರಬ್ಬರ್ ಶೂ ಇದೆ; ಅದನ್ನು ಬೀದಿಗೆ ಮೆಟ್ಟುವುದಿಲ್ಲ. ಮೊದಲ ದಿನ ಅದಕ್ಕೂ ಅರಿಶಿನ ಕುಂಕುಮ ಇಟ್ಟು ಲಕ್ಷ್ಮಿಯ ಜೊತೆ ರಾಜಿ ಮಾಡಿದವಳು ಹೆಂಡತಿ. ಸ್ನಾನದ ನೀರು ಎಷ್ಟು ಬಿಸಿಯೆಂದು ಅವಳು ಕೈಯಿಟ್ಟು ನೋಡಿ ಹೇಳಿದ ಮೇಲೇ ನಾನು ಕಾಲಿಡುವುದು.

ಸಂಜೆ ಹಾಲು ಡೇರಿಗೆ ಹಾಕಿ ಬಂದ ಮೇಲೆ ಜಗಲಿಯ ಮೇಲೆ ಕೂರುತ್ತೇನೆ. ಅವಳು ಫೋನಿನ ಟಾರ್ಚು ಹಿಡಿದು ಕೆಳಗೆ ಕೂರುತ್ತಾಳೆ. ಹಸುವಿಗೆ ನಾನು ಮಾಡುವ ಹಾಗೆಯೇ ಮೊಣಕಾಲಿಗೊಂದು ತಟ್ಟಿ, “ಊಂ, ಎತ್ತು,” ಅನ್ನುತ್ತಾಳೆ.

ಎತ್ತುತ್ತೇನೆ. ಒದೆಯುವುದಿಲ್ಲ.