ಬುಗುರಿ ನಿಲ್ಲುವವರೆಗೆ

ಬುಗುರಿಯ ಮೊಳೆ ಒಂದು ಜೋಳದ ಕಾಳಿನಷ್ಟು ಮಾತ್ರ ಹೊರಗಿತ್ತು. ಇರಕಲ್ಲಗಡದಿಂದ ಕುಷ್ಟಗಿಯ ನಮ್ಮ ಮನೆಗೆ ನನ್ನನ್ನು ನೋಡಲು ಬಂದಿದ್ದ ವರನ ತಾಯಿ, ಕಿಟಕಿಯಲ್ಲಿದ್ದ ಅದನ್ನು ಕೈಗೆತ್ತಿಕೊಂಡು, “ಇಷ್ಟ ಗಿಡ್ಡ ಯಾಕವ್ವಾ?” ಎಂದರು.

“ನೆಲಕ್ಕ ಹತ್ತಿರ ಇದ್ದು, ಭಾರ ಅಂಚಿನಾಗ ಇದ್ರ ಭಾಳ ಹೊತ್ತು ತಿರಗ್ತೈತ್ರಿ,” ಎಂದೆ. ಬೇವಿನ ತುಂಡನ್ನು ಅರದಿಂದ ಉಜ್ಜಿ ನಾನೇ ಮಾಡಿದ್ದೆಂದಾಗ ಅವ್ವನ ಮುಖ ಬಿಗಿಯಿತು.

“ತಿರಗಸು, ನೋಡೂಣು,” ಎಂದರು ಅವರು. ತಟ್ಟೆ ಬೋರಲು ಹಾಕಿ, ಅದರ ಮೇಲೆ ಬುಗುರಿಯನ್ನು ಬೆರಳಿನಿಂದ ತಿರುಗಿಸಿದೆ. ಸಂಬಳ, ಬಂಗಾರದ ಮಾತು ನಿಂತವು. ಚಹಾ ಕೆನೆಗಟ್ಟಿದರೂ ಯಾರೂ ಕಪ್ಪು ಮುಟ್ಟಲಿಲ್ಲ. “ಇದು ನಿಲ್ಲೂದ್ರೊಳಗ ನಮ್ಮ ಬಸ್ಸು ಹೋಗ್ತೈತಿ,” ಎಂದು ವರನ ತಂದೆ ನಕ್ಕರು.

ಕೊನೆಗೆ ಬುಗುರಿ ಓಲಾಡಿ ಮಲಗಿತು. ಅವ್ವ ಅವಸರದಿಂದ, “ಮದುವಿ ಆದ ಮ್ಯಾಲ ಇದನ್ನೆಲ್ಲ ಬಿಡ್ತಾಳ್ರಿ,” ಎಂದಳು.

ಆ ತಾಯಿ ನನ್ನ ಕಡೆ ತಿರುಗಿದರು. “ಬಿಡ್ತೀಯೇನವ್ವಾ?”

ನೋಡಲು ಬಂದವರು ಹಿಂದೆಯೂ ನನ್ನ ಓದು, ಅಡುಗೆ, ಎತ್ತರ ಎಲ್ಲ ಕೇಳಿದ್ದರು. ಇಂಥದ್ದನ್ನು ಯಾರೂ ಕೇಳಿರಲಿಲ್ಲ.

“ಬಿಡಂಗಿಲ್ರಿ,” ಎಂದೆ.

ಅವರು ಬುಗುರಿಯನ್ನು ಸೆರಗಿನಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟರು. ಹೋಗುವಾಗ, “ಫೋನ್ ಮಾಡ್ತೀವ್ರಿ,” ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆಯಾದರೂ ಫೋನ್ ಬಂದಿರಲಿಲ್ಲ, ಅವ್ವ ನನ್ನೊಡನೆ ಮಾತಾಡಿರಲಿಲ್ಲ. ಸದಾ ಕೋಣೆಯ ಬಾಗಿಲು ಹಾಕಿಕೊಂಡು ಬುಗುರಿ ಮಾಡುತ್ತಿದ್ದ ನಾನು, ಅರವನ್ನೂ ಹೊಸ ಮರದ ತುಂಡನ್ನೂ ತೆಗೆದುಕೊಂಡು ಪಡಸಾಲೆಗೆ ಬಂದು, ಅವ್ವನ ಎದುರಿಗೇ ಕೂತು ಉಜ್ಜತೊಡಗಿದೆ.