ಪುಲ್ಲಿಯ ಮೇಲೆಳೆದ ವಿಭೂತಿ ಗೆರೆ

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿದು ಒಂದು ವಾರವಾಗಿತ್ತು. ಶಿಕಾರಿಪುರದಲ್ಲಿ ನಾನು ಮತ್ತು ನಮ್ಮ ಅತ್ತೆ ಸೇರಿ ಖಡಕ್ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುತ್ತೇವೆ. ಸೊರಬದ ಕಡೆಯ ಹಳ್ಳಿಗಳಿಂದಲೂ ಮದುವೆ, ಗೃಹಪ್ರವೇಶಗಳಿಗೆ ಕೇಳಿಕೊಂಡು ಬರುತ್ತಾರೆ. ಅದನ್ನೆಲ್ಲ ಹೊತ್ತು ಮುಟ್ಟಿಸುವುದು ನಮ್ಮ ಹಳೆಯ ಡೀಸೆಲ್ ಕಾರು. ಓಡಿಸುವವಳು ನಾನೇ. ಬಸ್ಸಿನಲ್ಲಿ ಒಯ್ದು ನೋಡಿದ್ದೇವೆ. ಹತ್ತುವಾಗ ರೊಟ್ಟಿ, ಇಳಿಯುವಾಗ ಪುಡಿ.

ಆ ಕಾರಿನಲ್ಲಿ ಕೆಲವು ದಿನಗಳಿಂದ ಟಕಟಕ ಎಂಬ ಸದ್ದು ಶುರುವಾಗಿತ್ತು. ಮೊದಮೊದಲು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸದ್ದು ದಿನದಿನಕ್ಕೆ ಜೋರಾದಾಗ ನಮ್ಮೂರಿನ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಬಾನೆಟ್ ಎತ್ತಿ, ಎಕ್ಸಿಲೇಟರ್ ಎರಡು ಸಲ ಒತ್ತಿಸಿ ಕೇಳಿ, ತಲೆ ಅಲ್ಲಾಡಿಸಿದರು.

"ಒಳಗಿನ ಬೇರಿಂಗ್ ಹೋಗೈತ್ರಿ ಅಕ್ಕಾರೆ. ಎಂಜಿನ್ ಇಳಿಸಿ ಬಿಚ್ಬೇಕು. ಅದಕ್ಕೆ ಸುರಿಯೋ ರೊಕ್ಕದಾಗ ಇನ್ನೊಂದು ಹಳೇ ಗಾಡೀನೇ ಬರ್ತೈತಿ. ಗುಜರಿಗೆ ಕೊಟ್ಬಿಡ್ರಿ."

ನನ್ನ ಬಾಯಿ ಜೋರು. ರೊಟ್ಟಿ ಬಡಿಯುವಾಗಲೂ ಯಾರನ್ನಾದರೂ ಬೈಯುತ್ತಲೇ ಬಡಿಯುತ್ತೇನೆ ಎಂದು ಅತ್ತೆ ಆಡಿಕೊಳ್ಳುತ್ತಾರೆ. ಅಂಥವಳು ಅವತ್ತು ಸುಮ್ಮನೆ ಮನೆಗೆ ಬಂದೆ. ಇನ್ನೊಂದು ಗಾಡಿ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಗಾಡಿ ಹೋದರೆ ಅದರ ಹಿಂದೆಯೇ ಕಸುಬೂ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಗುಜರಿಯವರು ಸೋಮವಾರ ಬೆಳಿಗ್ಗೆ ಬರುತ್ತೇವೆಂದರು. ಭಾನುವಾರ ಸೊರಬದ ಕಡೆಯ ಕುಪ್ಪಗಡ್ಡೆಯಲ್ಲಿ ಒಂದು ಗೃಹಪ್ರವೇಶಕ್ಕೆ ರೊಟ್ಟಿ ಒಪ್ಪಿಕೊಂಡಿದ್ದೆವು. ಅದೇ ಕೊನೆಯ ಓಡಾಟ ಎಂದುಕೊಂಡು ಹೊರಟೆವು.

ರೊಟ್ಟಿ ಮುಟ್ಟಿಸಿ, ಅಲ್ಲೇ ಊಟ ಮುಗಿಸಿ ವಾಪಸ್ಸು ಬರುವಾಗ, ಊರು ದಾಟಿ ಒಂದೆರಡು ಮೈಲಿಯಾಗಿತ್ತೋ ಇಲ್ಲವೋ, ಟಕಟಕ ಹೋಗಿ ಧಡಧಡ ಆಯಿತು. ಬ್ಯಾಟರಿಯ ಕೆಂಪು ದೀಪ ಹತ್ತಿಕೊಂಡಿತು. ಸ್ಟೇರಿಂಗ್ ಕಲ್ಲುಗುಂಡಿನಂತೆ ಬಿಗಿಯಾಯಿತು. ಹೇಗೋ ರಸ್ತೆ ಪಕ್ಕಕ್ಕೆ ಎಳೆದು ನಿಲ್ಲಿಸಿದೆ. ಎದುರಿಗೇ ತಗಡಿನ ಶೆಡ್ ಇತ್ತು. ಮುಂದೆ ಎರಡು ಪವರ್ ಟಿಲ್ಲರ್ ಬಿಚ್ಚಿ ಹರವಿದ್ದವು. ಒಳಗಿನಿಂದ ಅರವತ್ತರ ಆಸುಪಾಸಿನ ಒಬ್ಬರು ಕೈ ಒರೆಸಿಕೊಳ್ಳುತ್ತ ಬಂದರು. ಹೆಸರು ಮಂಜಪ್ಪ ಎಂದು ಆಮೇಲೆ ತಿಳಿಯಿತು.

"ನಾನು ಕಾರು ಮುಟ್ಟೋದಿಲ್ಲ ಅಕ್ಕಾ. ಟಿಲ್ಲರ್, ಪಂಪ್‌ಸೆಟ್ ಅಷ್ಟೇ," ಎಂದರು.

"ಮುಟ್ಟಿದ್ರೂ ಅಷ್ಟೇ ಬಿಡ್ರಿ ಅಣ್ಣಾ. ಎಂಜಿನ್ ಹೋಗೈತಂತೆ. ನಾಳೆ ಗುಜರಿಗೆ," ಎಂದೆ.

ಅವರು ನನ್ನ ಮುಖ ನೋಡಿದರು, ಗಾಡಿ ನೋಡಿದರು. "ಬಿಚ್ಚಿ ನೋಡಿ ಹೇಳಿದ್ರಾ, ಸದ್ದು ಕೇಳಿ ಹೇಳಿದ್ರಾ?" ಎಂದು ಕೇಳಿದರು. ಸದ್ದು ಕೇಳಿ ಎಂದೆ. "ಒಂದ್ಸಲ ಸ್ಟಾರ್ಟ್ ಮಾಡಿ," ಎಂದರು.

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಒಂದು ಕಡೆ, ಇನ್ನೊಂದು ಕಡೆ, ಕೆಳಗೆ, ಮೇಲೆ. ಹೊರಗೆ ನಿಂತ ನಮಗೆ ಕಿವಿ ಕಿತ್ತುಹೋಗುವ ಸದ್ದು. ಅವರು ಮಾತ್ರ ಹರಿಕಥೆ ಕೇಳುವವರಂತೆ ನಿಂತಿದ್ದರು. ಕೊನೆಗೆ ಎಂಜಿನ್ ನಿಲ್ಲಿಸಲು ಕೈಸನ್ನೆ ಮಾಡಿದರು.

"ಒಳಗೆ ಏನೂ ಗಲಾಟೆ ಇಲ್ಲ. ಗಲಾಟೆ ಹೊರಗಡೆದು."

ಜಾಕ್ ಕೊಟ್ಟು ಬಲಗಡೆಯ ಮುಂದಿನ ಚಕ್ರ ಬಿಚ್ಚಿದರು. ಒಳಗೆ, ಎಂಜಿನ್ನಿನ ಪಕ್ಕಕ್ಕೆ, ಬೆಲ್ಟು ಸುತ್ತಿದ ಒಂದು ಕಬ್ಬಿಣದ ಗಾಲಿ ಕಂಡಿತು. ಅದಕ್ಕೆ ಕ್ರ್ಯಾಂಕ್ ಪುಲ್ಲಿ ಅನ್ನುತ್ತಾರಂತೆ. ಎಂಜಿನ್ ತಿರುಗಿದರೆ ಅದು ತಿರುಗಬೇಕು, ಅದು ತಿರುಗಿದರೆ ಬೆಲ್ಟು ಓಡಬೇಕು. ಅದನ್ನು ಬಟ್ಟೆಯಿಂದ ಒರೆಸಿ, "ಚಾಕ್ ಇದ್ಯಾ?" ಎಂದು ಕೇಳಿದರು. ನಮ್ಮ ಹತ್ತಿರ ಚಾಕ್ ಎಲ್ಲಿಂದ ಬರಬೇಕು?

ಅತ್ತೆ ಮುಂದೆ ಬಂದರು. ಸೊಂಟದ ಸಂಚಿ ಬಿಚ್ಚಿ ವಿಭೂತಿ ಗಟ್ಟಿ ತೆಗೆದು, "ಬೆಳ್ಳಗಿದ್ರೆ ಸಾಕಲ್ಲೇನಪ್ಪಾ? ತಗಾ," ಎಂದರು.

ಮಂಜಪ್ಪನವರು ಕೈ ಹಿಂದಕ್ಕೆಳೆದರು. "ಅಮ್ಮಾ, ಇದನ್ನ ಗ್ರೀಸಿಗೆ ಹಚ್ಚೋದಾ?"

"ಹಚ್ಚು. ನಮಗೆ ಅನ್ನ ಹಾಕಿದ ಗಾಡಿ ಅದು. ಶಿವ ಏನೂ ಅನ್ನಂಗಿಲ್ಲ."

ಅವರು ಕೈ ತೊಳೆದುಕೊಂಡು ಬಂದು ಗಟ್ಟಿಯನ್ನು ಕಣ್ಣಿಗೊತ್ತಿಕೊಂಡರು. ಪುಲ್ಲಿಯ ನಡುವಿನಿಂದ ಅಂಚಿನವರೆಗೆ ನೇರವಾಗಿ ಒಂದೇ ಗೆರೆ ಎಳೆದರು. "ಈಗ ಸ್ಟಾರ್ಟ್ ಮಾಡಿ. ಹತ್ತು ಎಣಿಸಿ ಆಫ್ ಮಾಡಿ."

ಹತ್ತು ಎಣಿಸಿ ನಿಲ್ಲಿಸಿ, ಇಳಿದು ಓಡಿಬಂದೆ. ಗೆರೆ ಎರಡಾಗಿತ್ತು. ನಡುವಿನ ಅರ್ಧ ಒಂದು ಕಡೆ, ಅಂಚಿನ ಅರ್ಧ ಇನ್ನೊಂದು ಕಡೆ. ನಡುವೆ ನಾಲ್ಕು ಬೆರಳು ಅಂತರ. ಒಂದೇ ಕಬ್ಬಿಣ ಅಂದುಕೊಂಡಿದ್ದು ಎರಡು ತುಂಡು! ನಡುವೆ ರಬ್ಬರು ಕೂಡಿಸಿ ಮಾಡಿರುತ್ತಾರಂತೆ. ಆ ರಬ್ಬರು ಬಿಟ್ಟುಕೊಂಡು, ಹೊರಗಿನ ಬಳೆ ಜಾರುತ್ತ, ಓಲಾಡುತ್ತ ಬಡಿದುಕೊಳ್ಳುತ್ತಿತ್ತು. ಬೆಲ್ಟು ಓಡದೆ ಬ್ಯಾಟರಿ ದೀಪ ಹತ್ತಿತ್ತು, ಸ್ಟೇರಿಂಗ್ ಬಿಗಿದಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ.

ಮಂಜಪ್ಪನವರು ಉದುರಿದ ರಬ್ಬರನ್ನು ಉಗುರಿನಿಂದ ಕೆರೆದರು. ಮೇಣದಂತೆ ಮೆತ್ತಗಿತ್ತು. ಮೂಸಿ ನೋಡಿ, "ಆಯುಧಪೂಜೆಗೆ ಎಂಜಿನ್‌ನ ಯಾವುದ್ರಲ್ಲಿ ತೊಳೀತೀರಿ ಅಕ್ಕಾ?" ಎಂದರು.

"ಡೀಸೆಲ್‌ನಾಗ," ಎಂದೆ ಹೆಮ್ಮೆಯಿಂದಲೇ. ಎಂಜಿನ್ನು ಫಳಫಳ ಹೊಳೆಯಬೇಕೆಂದು ಪ್ರತಿ ವರ್ಷ ಡಬ್ಬಿಗಟ್ಟಲೆ ಸುರಿದು ತಿಕ್ಕುತ್ತೇನೆ. ಆಮೇಲೆ ಅರಿಶಿನ, ಕುಂಕುಮ, ಹೂವು.

"ಡೀಸೆಲ್ ರಬ್ಬರ್ ತಿಂತದೆ. ಪೂಜೆ ಮಾಡಿ ಮಾಡಿ ನೀವೇ ತಿನ್ಸಿದ್ದೀರಿ," ಎಂದು ನಕ್ಕರು. ಅತ್ತೆಯೂ ನಕ್ಕರು. ಇಷ್ಟು ದಿನ ಊರಿನ ರಸ್ತೆ, ಬಂಕಿನ ಡೀಸೆಲ್, ಕಾರು ಮಾಡಿದ ಕಂಪನಿ ಎಲ್ಲರನ್ನೂ ಬೈದಿದ್ದ ನನಗೆ ಮುಖ ಎತ್ತಲಾಗಲಿಲ್ಲ.

ಮುಂದಿನ ಒಂದೂವರೆ ಗಂಟೆ ನಾನು ರೆಪ್ಪೆ ಬಡಿಯದೆ ನೋಡಿದೆ. ಗಾಡಿಯನ್ನು ಗೇರಿಗೆ ಹಾಕಿಸಿ, ನನ್ನಿಂದ ಬ್ರೇಕ್ ಒತ್ತಿಸಿ, ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಬೋಲ್ಟು ಬಿಚ್ಚಿದರು. ಹಳೇ ರಬ್ಬರನ್ನೆಲ್ಲ ಕೆರೆದು ತೆಗೆದರು. ತಗಡಿನಿಂದ ಒಂದೇ ಅಳತೆಯ ಚೂರುಗಳನ್ನು ಕತ್ತರಿಸಿ ಸುತ್ತಲೂ ಸಿಗಿಸಿ, ಹೊರಗಿನ ಬಳೆಯನ್ನು ನಟ್ಟನಡುವೆ ಕೂರಿಸಿದರು. ಅಂಚಿಗೆ ಕಡ್ಡಿ ಹಿಡಿದು ತಿರುಗಿಸಿ ನೋಡುವುದು, ಕೂದಲೆಳೆಯಷ್ಟು ಓಲಾಡಿದರೂ ಮತ್ತೆ ಬಿಚ್ಚುವುದು. ಹೀಗೆ ಏಳೆಂಟು ಸಲ. ಆಮೇಲೇ ನಾಲ್ಕು ಕಡೆ ವೆಲ್ಡಿಂಗ್ ಚುಕ್ಕೆ ಇಟ್ಟರು.

ಸ್ಟಾರ್ಟ್ ಮಾಡಿದೆ. ಕೆಂಪು ದೀಪ ಆರಿತು. ಸದ್ದಿಲ್ಲ! ಅತ್ತೆ ಕೈ ಮುಗಿದರು, ಗಾಡಿಗೋ ಮಂಜಪ್ಪನವರಿಗೋ ಗೊತ್ತಿಲ್ಲ.

"ಇದು ಮನೆ ಮುಟ್ಟೋಕೆ ಮಾತ್ರ. ರಬ್ಬರ್ ಇಲ್ದಿದ್ರೆ ನಡುಕ ಎಲ್ಲಾ ಎಂಜಿನ್‌ಗೇ ಹೋಗ್ತದೆ. ನಿಧಾನ ಹೋಗಿ. ಹೊಸ ಪುಲ್ಲಿ ಹಾಕಿಸೋ ತನಕ ತಿರುಗಾಡ್ಬೇಡಿ," ಎಂದರು.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ನಾಳೆ ಆ ಮೆಕ್ಯಾನಿಕ್ ಅಂಗಡಿ ಮುಂದೆ ನಿಂತು ಮರ್ಯಾದೆ ತೆಗೀತೀನಿ ನೋಡ್ರಿ," ಎಂದೆ.

ಮಂಜಪ್ಪನವರು ಬಾಗಿ ಸಾಮಾನು ಜೋಡಿಸುತ್ತಿದ್ದವರು ಹಾಗೇ ನಿಂತರು.

"ಬೈಬೇಡಿ ಅಕ್ಕಾ. ನಾನೂ ಮೊದ್ಲು ಕಾರು, ಟೆಂಪೋ ಎಲ್ಲಾ ಮಾಡ್ತಿದ್ದೆ. ಒಬ್ರು ಟೆಂಪೋ ತಂದ್ರು. ಇದೇ ಸದ್ದು. ಬೇರಿಂಗ್ ಅಂದೆ. ಎಂಜಿನ್ ಇಳಿಸ್ದೆ. ಬೇರಿಂಗ್ ಹೊಸದ್ರ ಹಾಗೇ ಇತ್ತು. ಮತ್ತೆ ಜೋಡಿಸೋಕೆ ಅವರ ಹತ್ರ ದುಡ್ಡಿರ್ಲಿಲ್ಲ, ಮಾರ್ಬಿಟ್ರು. ಅದ್ರ ಪುಲ್ಲಿ ನನ್ನ ಶೆಡ್ ಮೂಲೇಲಿ ಬಿದ್ದಿತ್ತು. ಒಂದಿನ ಎತ್ತಿಡೋಣ ಅಂತ ಹಿಡಿದ್ರೆ ಬಳೆ ಕೈಗೇ ಬಂತು."

ಸ್ಪ್ಯಾನರನ್ನು ಒರೆಸಿಡುತ್ತ, "ಆ ಟೆಂಪೋ ನಮ್ಮ ಅಕ್ಕನ ಗಂಡಂದು. ಭಾವ ಆಮೇಲೆ ಕೂಲಿಗೆ ಹೋದ್ರು. ನನಗೆ ಒಂದು ಮಾತೂ ಅನ್ಲಿಲ್ಲ," ಎಂದರು.

ಅಲ್ಲಿಂದಲೇ ಗುಜರಿಯವರಿಗೆ ಫೋನ್ ಮಾಡಿ ಬರಬೇಡಿ ಎಂದೆ.

ಮರುದಿನ ಗಾಡಿಯನ್ನು ನಿಧಾನಕ್ಕೆ ನಮ್ಮೂರಿನ ಮೆಕ್ಯಾನಿಕ್ ಹತ್ತಿರ ಒಯ್ದು ನಡೆದದ್ದನ್ನೆಲ್ಲ ಹೇಳಿದೆ, ಮಂಜಪ್ಪನವರ ಭಾವನ ಟೆಂಪೋ ಕಥೆಯನ್ನೂ ಸೇರಿಸಿ. ಬೈಯಲಿಲ್ಲ. ಅವರು ಪುಲ್ಲಿಯ ವೆಲ್ಡಿಂಗ್ ಚುಕ್ಕೆಗಳನ್ನು ಬೆರಳಿನಿಂದ ಸವರಿ ನೋಡಿ, "ಹೊಸದು ತರಿಸಿ ನಾನೇ ಹಾಕ್ತೀನ್ರಿ ಅಕ್ಕಾರೆ. ಕೂಲಿ ಬ್ಯಾಡ. ಅವ್ರ ಶೆಡ್ ಎಲ್ಲೈತಿ ಹೇಳ್ರಿ, ಒಂದ್ಸಲ ಹೋಗಿ ಬರ್ತೀನಿ," ಎಂದರು.

ಕೈಚಳಕ ಇರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಕಂಡು ಕೇಳರಿಯದ ಹೆಂಗಸಿನ ಮುಂದೆ, ಯಾರೂ ಕೇಳದಿದ್ದರೂ ತನ್ನ ಬದುಕಿನ ದೊಡ್ಡ ತಪ್ಪನ್ನು ಬಿಚ್ಚಿಟ್ಟು, ಮುಖವನ್ನೇ ನೋಡದ ಇನ್ನೊಬ್ಬ ಮೆಕ್ಯಾನಿಕ್ಕಿನ ಮಾನ ಕಾಯ್ದವರನ್ನು ನೋಡಿದ್ದು ಅದೊಂದೇ ಸಲ. ಅವತ್ತು ನನ್ನ ಗಾಡಿ ಉಳಿಯಿತು, ಕಸುಬು ಉಳಿಯಿತು. ಇಂದಿಗೂ ಒಬ್ಬರನ್ನು ಬೈಯಲೆಂದು ಬಾಯಿ ತೆರೆದಾಗ, ಮಂಜಪ್ಪನವರಿಗೆ ಒಂದು ಮಾತೂ ಅನ್ನದ ಆ ಭಾವ ನೆನಪಾಗುತ್ತಾರೆ. ನಾನು ಅವರನ್ನು ನೋಡಿಯೇ ಇಲ್ಲ.