ಜಗಣ್ಣನ ಎಲೆಗೆ ಯಾವ ಬಿಯರ್?

ಕಳೆದ ಶುಕ್ರವಾರ ಸಂಜೆ ಅಲ್ ಖುವೈರ್‌ನ ಒಂದು ಫ್ಲ್ಯಾಟಿನ ಹೊರಗೆ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಾವು ನಾಲ್ವರು ನಿಂತಿದ್ದೆವು. ಒಳಗೆ ಯಾರೂ ಇರಲಿಲ್ಲ. ಒಳಗಿದ್ದವರು ಊಟ ಮುಗಿಸಲಿ ಎಂದು ಕಾಯುತ್ತಿದ್ದೆವು.

ಇವನಿಗೆ ಮಸ್ಕತ್‌ನ ಬಿಸಿಲು ತಲೆಗೇರಿದೆ ಅಂದಿರಾ? ತಾಳಿ, ಹೇಳುತ್ತೇನೆ. ಇದು ಬಿಯರ್ ವಿಷಯ. (ಈ ಅಂಕಣವನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳುವ ಅಭ್ಯಾಸ ಇರುವವರು ಈ ವಾರ ಕನ್ನಡಕ ಸಿಗುತ್ತಿಲ್ಲ ಎಂದುಬಿಡಿ.)

ಜಗಣ್ಣ ನಿಮಗೆ ಹೊಸಬರಲ್ಲ. ಕಾರಿನ ಎಸಿ ಕೆಟ್ಟಾಗ ಒದ್ದೆ ಟವೆಲ್ ಹೊದ್ದು ಸೊಹಾರ್‌ವರೆಗೆ ಹೋಗಿಬಂದವರ ಕಥೆ ಹಿಂದೊಮ್ಮೆ ಬರೆದಿದ್ದೆನಲ್ಲ, ಅವರೇ. ಮೂಲ್ಕಿ ಕಡೆಯವರು. ಇಲ್ಲಿ ಕಟ್ಟಡ ಸಾಮಗ್ರಿ ಮಾರುವ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ನಾನು ಮೈಸೂರಿನವನು, ಆಫೀಸಿನ ಕುರ್ಚಿ ಬಿಸಿ ಮಾಡುವವನು. ನಮ್ಮದು ಅಕ್ಕಪಕ್ಕದ ಕಟ್ಟಡ. ಗುರುವಾರ ಸಂಜೆ ಆಯಿತೆಂದರೆ ನಾನು ಅವರಲ್ಲಿಗೆ, ಇಲ್ಲವೇ ಅವರು ನಮ್ಮಲ್ಲಿಗೆ.

ಇಲ್ಲಿ ಬಿಯರ್ ಬೇಕೆಂದರೆ ಪರ್ಮಿಟ್ ಬೇಕು. ಪರ್ಮಿಟ್‌ಗೆ ಕಂಪನಿಯ ಪತ್ರ ಬೇಕು. ನಿಮಗೆ ಎಷ್ಟು ಬಾಯಾರಬಹುದು ಎಂದು ತೀರ್ಮಾನಿಸುವುದು ನಿಮ್ಮ ಸಂಬಳ. ಖುರುಮ್‌ನಲ್ಲಿ ನಾವು ಹೋಗುವ ಅಂಗಡಿಗೆ ಬೋರ್ಡಿಲ್ಲ, ಕಿಟಕಿಗೆ ಕಪ್ಪು ಗಾಜು. ಒಳಗೆ ಕಾಲಿಟ್ಟರೆ ಅದೊಂದು ಗೋಡೌನ್, ಸೂರಿನವರೆಗೂ ಪೆಟ್ಟಿಗೆಗಳು. ಊರಿನಲ್ಲಿ ಹೆಸರಷ್ಟೇ ಕೇಳಿದ್ದ ಬಿಯರ್‌ಗಳೆಲ್ಲ ಕಣ್ಣಿನ ಮಟ್ಟದಲ್ಲಿ ಸಾಲಾಗಿ ನಿಂತಿರುತ್ತವೆ. ತೀರಾ ಕೆಳಗಿನ ಸಾಲಿನಲ್ಲಿ ಇನ್ನೊಂದು ಇರುತ್ತದೆ. ಬಿಳಿ ಡಬ್ಬಿ, ಅದರ ಮೇಲೆ ನೀಲಿ ಅಕ್ಷರದಲ್ಲಿ ‘ಬಿಯರ್’ ಎಂದಷ್ಟೇ. ಅಂಗಡಿಯವರದೇ ಸರಕು. ಬೆಲೆ ಹೆಚ್ಚುಕಡಿಮೆ ಅರ್ಧ.

ನನ್ನದು ಹಸಿರು ಬಾಟಲಿ, ಯುರೋಪಿನ ಹೆಸರು. ಜಗಣ್ಣನದು ಈ ಬಿಳಿ ಡಬ್ಬಿ. ನಾನು ಅದಕ್ಕೆ ‘ಪೇಂಟ್ ಡಬ್ಬಿ’ ಎಂದು ಹೆಸರಿಟ್ಟಿದ್ದೆ. ಅವರಿಗೆ ಅದರಿಂದ ಬೇಜಾರೇನೂ ಆಗುತ್ತಿರಲಿಲ್ಲ.

“ಒಂದೇ ಸಿಮೆಂಟ್ ಎರಡು ನಮೂನೆ ಚೀಲದಲ್ಲಿ ಬರ್ತದೆ ಮಾರಾಯ್ರೆ. ನಾನು ದಿನಾ ನೋಡ್ತೇನೆ. ಚೀಲಕ್ಕೆ ಎಂತಕ್ಕೆ ದುಡ್ಡು ಕೊಡುವುದು? ಒಮ್ಮೆ ಕುಡಿದು ನೋಡಿ, ಮತ್ತೆ ಬೈಯಿರಿ.”

“ಮುಂದಿನ ವಾರ ನೋಡೋಣ ಬಿಡಿ, ಜಗಣ್ಣ.”

ಪ್ರತಿ ಸಲವೂ ಇದೇ ಮಾತು. ಅವರು ಒತ್ತಾಯಿಸುತ್ತಿರಲಿಲ್ಲ. ಆದರೆ ಬಿಡುತ್ತಲೂ ಇರಲಿಲ್ಲ. ನಾನು ಅದನ್ನು ಕುಡಿದು, ಹೌದು, ಚೆನ್ನಾಗಿದೆ ಎನ್ನಬೇಕು. ಅಷ್ಟೇ ಅವರ ಆಸೆ. ಒಬ್ಬ ಸ್ನೇಹಿತ ಇನ್ನೊಬ್ಬನಿಂದ ಬಯಸಬಹುದಾದ ವಸ್ತುಗಳಲ್ಲಿ ಇದಕ್ಕಿಂತ ಅಗ್ಗದ್ದು ಇದೆಯೇ?

ಇನ್ನೊಂದು ಹೇಳಲೇಬೇಕು. ಅವರ ಫ್ರಿಜ್ಜಿನಲ್ಲಿ ನನಗೆಂದೇ ಹಸಿರು ಬಾಟಲಿ ಇರುತ್ತಿತ್ತು, ಅವರ ಚಿಕ್ಕ ಕೋಟಾದಲ್ಲಿ ತಂದದ್ದು. ನಮ್ಮ ಮನೆಗೆ ಬಂದಾಗ ಅವರು ಮಾತಾಡದೆ ಹಸಿರು ಬಾಟಲಿಯನ್ನೇ ಕುಡಿಯುತ್ತಿದ್ದರು. ಅವರಿಗೆಂದು ಒಂದು ಬಿಳಿ ಡಬ್ಬಿ ತಂದಿಡಬೇಕೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ನಾನೇಕೆ ಅದನ್ನು ಮುಟ್ಟಲಿಲ್ಲ? ರುಚಿ ಕೆಟ್ಟದ್ದೆಂದೇ? ಕುಡಿದಿದ್ದರೆ ತಾನೇ ಗೊತ್ತಾಗುವುದು. ಸಾಬೂನಿನ ಕೊನೆಯ ಚೂರನ್ನು ಹೊಸ ಸಾಬೂನಿಗೆ ಅಂಟಿಸಿ ತಿಕ್ಕಿಕೊಳ್ಳುತ್ತಿದ್ದ ಮನೆಯಿಂದ ಬಂದವನು ನಾನು. ಇಲ್ಲಿಗೆ ಬಂದ ಸ್ವಲ್ಪ ದಿನಕ್ಕೇ ಶಾಂಪೂ, ಹಾಲಿನ ಪುಡಿ, ಗಡ್ಡದ ಬ್ಲೇಡು, ಎಲ್ಲದಕ್ಕೂ ಬ್ರ್ಯಾಂಡ್ ಹುಡುಕತೊಡಗಿದೆ. ನೀವೂ ಅಷ್ಟೇ, ಸುಳ್ಳು ಹೇಳಬೇಡಿ. ರಜೆಗೆ ಹೋಗಿ ಸೂಟ್‌ಕೇಸ್ ತೆರೆದರೆ ನೆಂಟರು ಮೊದಲು ಓದುವುದು ಹೆಸರನ್ನೇ ಅಲ್ಲವೇ? ಅಂಗಡಿಯವನ ಸ್ವಂತ ಬಿಯರ್ ಕುಡಿಯಲು ಗಲ್ಫಿಗೆ ಬರಬೇಕಿತ್ತೇ ಎನ್ನುವುದು ನನ್ನ ವಾದ. ಆಗ ಅದು ಬಹಳ ಸರಿಯಾಗಿಯೇ ಕಾಣುತ್ತಿತ್ತು.

ಮಾರ್ಚ್‌ನ ಒಂದು ಗುರುವಾರ ಅವರು ಕೇಳದೆಯೇ ಬಿಳಿ ಡಬ್ಬಿ ಒಡೆದು, ಗ್ಲಾಸಿಗೆ ಸುರಿದು ನನ್ನ ಮುಂದೆ ಇಟ್ಟರು. ನನಗೆ ಅವತ್ತು ಆಫೀಸಿನದೇನೋ ತಲೆಬಿಸಿ. “ಮುಂದಿನ ವಾರ, ಪ್ರಾಮಿಸ್” ಎಂದು ಗ್ಲಾಸನ್ನು ಅವರ ಕಡೆಗೇ ಸರಿಸಿದೆ.

“ನಿಮ್ಮ ಮುಂದಿನ ವಾರ ಯಾವಾಗ ಬರುವುದು ಮಾರಾಯ್ರೆ?” ಎಂದು ನಕ್ಕು ಅದನ್ನೂ ಅವರೇ ಕುಡಿದರು.

ಅದಾದ ಮೇಲಿನ ಸೋಮವಾರ ಬೆಳಿಗ್ಗೆ ಗೋಡೌನಿನಲ್ಲಿ ಎದೆ ಹಿಡಿದುಕೊಂಡು ಕುಳಿತ ಜಗಣ್ಣ ಮತ್ತೆ ಏಳಲಿಲ್ಲ.

ಹೆಂಡತಿ ಸುಮತಿ, ಮಗಳು ನಿಶಾ ಇಬ್ಬರೂ ದೇಹದ ಜೊತೆ ಊರಿಗೆ ಹೋದರು. ಸುಮತಿ ಇಲ್ಲಿನ ಇಂಡಿಯನ್ ಶಾಲೆಯೊಂದರಲ್ಲಿ ಟೀಚರ್. ವೀಸಾ ಅವರ ಸ್ವಂತದ್ದು. ಹಾಗಾಗಿ ಕ್ರಿಯೆಗಳನ್ನೆಲ್ಲ ಮುಗಿಸಿ, ಮಗಳನ್ನು ಕರೆದುಕೊಂಡು ವಾಪಸು ಬಂದರು. ಬೇಸಿಗೆ ರಜೆ ಕಳೆದು ಆಗಸ್ಟಿನಲ್ಲಿ ಶಾಲೆ ಶುರುವಾದ ವಾರ ಒಂದು ಸಂಜೆ ನಮ್ಮ ಮನೆಗೆ ಬಂದು ಕೂತರು.

“ಅಣ್ಣಾ, ಇದು ಆಟಿ ತಿಂಗಳಲ್ವಾ? ಹೋದವರಿಗೆ ಬಡಿಸುವ ಕ್ರಮ ಉಂಟು ನಮ್ಮಲ್ಲಿ. ನೀವೊಂದು ಸಹಾಯ ಮಾಡ್ಬೇಕು.”

ನನಗೆ ಈ ಕ್ರಮ ಗೊತ್ತಿರಲಿಲ್ಲ. ಅವರೇ ಹೇಳಿದರು. ತುಳುನಾಡಿನಲ್ಲಿ ಮಳೆಗಾಲದ ಈ ಆಟಿ ತಿಂಗಳಲ್ಲಿ, ತೀರಿಕೊಂಡವರಿಗೆಂದು ಎಲೆ ಹಾಕಿ, ಬದುಕಿದ್ದಾಗ ಅವರಿಗೆ ಇಷ್ಟವಾಗಿದ್ದನ್ನೆಲ್ಲ ಬಡಿಸುತ್ತಾರೆ. ಕೋಳಿ ಇಷ್ಟವಿದ್ದರೆ ಕೋಳಿ, ಕುಡಿಯುತ್ತಿದ್ದವರಾದರೆ ಅದೂ. ಬಡಿಸಿದ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಬೇಕು. ಅವರು ನೆಮ್ಮದಿಯಾಗಿ ಊಟ ಮಾಡಲಿ ಎಂದು.

“ಊರಲ್ಲಿ ಭಾವನವರು ಬಡಿಸ್ತಾರೆ, ಸುಮ್ಮನೆ ಇರು ಅಂದ್ರು. ಆದ್ರೆ ಅಲ್ಲಿ ಕಳ್ಳು ಇಡುವುದು. ಇವರಿಗೆ ಕಳ್ಳಿನ ವಾಸನೆಯೇ ಆಗ್ತಿರ್ಲಿಲ್ಲ. ಇವರ ಬಿಯರ್ ಅಲ್ಲಿ ಸಿಗುವುದಿಲ್ಲ. ಪರ್ಮಿಟ್ ಇವರ ಹೆಸರಲ್ಲಿತ್ತು, ಅದು ಖಲಾಸ್. ನೀವು ತಂದುಕೊಡ್ತೀರಾ?”

ತರದೆ ಇರುತ್ತೇನೆಯೇ? ಮರುದಿನವೇ ಹೋಗಿಬಂದೆ. ಜಗಣ್ಣನಿಗೆ ಮೊದಲ ಬಾರಿ ಬಡಿಸುವುದು, ಒಳ್ಳೆಯದೇ ಇರಲಿ ಎಂದು ಹಸಿರು ಬಾಟಲಿಯನ್ನೇ ಹಿಡಿದುಕೊಂಡು ಸುಮತಿಯ ಬಾಗಿಲು ತಟ್ಟಿದೆ. ಅವರು ಚೀಲದೊಳಗೆ ನೋಡಿದರು.

“ಇದು ನಿಮ್ಮದಲ್ವಾ ಅಣ್ಣಾ?”

“ಒಳ್ಳೇದೇ ಇಡೋಣ ಅಂತ...”

“ನಿಮ್ಮ ಮನೆಯಲ್ಲಿ ಅವರು ಇದನ್ನು ದಾಕ್ಷಿಣ್ಯಕ್ಕೆ ಕುಡೀತಿದ್ದದ್ದು. ಸತ್ತ ಮೇಲೂ ದಾಕ್ಷಿಣ್ಯಕ್ಕೆ ಕುಡಿಯುವುದಾ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಕ್ಕಳ ಲೆಕ್ಕ ತಿದ್ದುವಾಗ ಟೀಚರುಗಳು ಮಾತಾಡುತ್ತಾರಲ್ಲ, ಹಾಗೆ ಹೇಳಿದರು. ನಾನು ಚೀಲ ವಾಪಸು ತೆಗೆದುಕೊಂಡು ಮೆಟ್ಟಿಲಿಳಿದೆ. ಅಷ್ಟು ವರ್ಷ ನಮ್ಮ ಸೋಫಾದಲ್ಲಿ ಕೂತು, ಗ್ಲಾಸು ಖಾಲಿ ಮಾಡಿ, ‘ಒಳ್ಳೇದುಂಟು’ ಎನ್ನುತ್ತಿದ್ದರಲ್ಲ, ಅದೆಲ್ಲ ನನ್ನ ಮನಸ್ಸಿಗೆ ನೋವಾಗಬಾರದೆಂದು. ಅವರು ಮಾಡಿದಷ್ಟನ್ನು ನನಗೆ ಒಂದೇ ಒಂದು ಸಂಜೆ ಮಾಡಲಾಗಲಿಲ್ಲ.

ಗುರುವಾರ ಮತ್ತೆ ಖುರುಮ್‌ಗೆ ಹೋದೆ. ಕೆಳಗಿನ ಸಾಲಿಗೆ ಬಗ್ಗಿದವನನ್ನು ನೋಡಿ ಅಂಗಡಿಯ ಸೇಲ್ಸ್‌ಮನ್ ಓಡಿ ಬಂದ. “ಸರ್, ಆಪ್‌ಕಾ ವಾಲಾ ಉಧರ್ ಹೈ” ಎಂದು ಮೇಲಿನ ಸಾಲು ತೋರಿಸಿದ. ಇವತ್ತು ಇದೇ ಬೇಕು ಎಂದೆ. ಬಿಡಿಯಾಗಿ ಕೊಡುವುದಿಲ್ಲವಂತೆ. ಪೂರ್ತಿ ಪೆಟ್ಟಿಗೆ ಹೊತ್ತು ತಂದೆ. ಅದರಿಂದ ಒಂದನ್ನು ಕೊತ್ತಂಬರಿ ಸೊಪ್ಪಿನ ಅಡಿಯಲ್ಲಿಟ್ಟು ಪಕ್ಕದ ಕಟ್ಟಡಕ್ಕೆ ಸಾಗಿಸಿದೆ. (ಕೊಂಡದ್ದನ್ನು ಬೇರೆಯವರಿಗೆ ಕೊಡಬಾರದೆಂಬ ಪರ್ಮಿಟ್‌ನ ನಿಯಮ ಬಲ್ಲ ಅಧಿಕಾರಿಗಳು ಯಾರಾದರೂ ಓದುತ್ತಿದ್ದರೆ, ಒಂದೇ ಡಬ್ಬಿ ಸ್ವಾಮಿ, ಅದೂ ಕುಡಿಯುವವರು ತೀರಿಕೊಂಡಿದ್ದಾರೆ.)

ಶುಕ್ರವಾರ ಸಂಜೆ ನಾನೂ ನನ್ನ ಹೆಂಡತಿ ಪದ್ಮಾಳೂ ಹೋದೆವು. ಮುಂದಿನ ಕೋಣೆಯ ಮೂಲೆಯಲ್ಲಿ ದೀಪ. ಮುಂದೆ ಮಲಯಾಳಿ ಅಂಗಡಿಯಿಂದ ತಂದ ಬಾಳೆಎಲೆ. ಎಲೆಯ ತುಂಬ ರೊಟ್ಟಿ, ಕೋಳಿ ಸಾರು, ಹುರಿದ ಬಂಗುಡೆ. ಪಕ್ಕದಲ್ಲಿ ಅವರದೇ ಗ್ಲಾಸು. ಡಬ್ಬಿ ನೀವೇ ತೆಗೆಯಿರಿ ಎಂದರು ಸುಮತಿ. ತೆಗೆದು ಸುರಿದೆ. ನೊರೆ ಚೆನ್ನಾಗಿಯೇ ಬಂತು.

ಹೊರಡುವಾಗ ಅಭ್ಯಾಸಬಲದಿಂದ ನಾನು ಎಸಿ ಆರಿಸಲು ಹೋದೆ.

“ಅದು ಇರ್ಲಿ ಅಣ್ಣಾ. ಅವರಿಗೆ ಸೆಕೆ ಅಂದ್ರೆ ಆಗುವುದಿಲ್ಲ.”

ಎಸಿ ಹಾಗೇ ಬಿಟ್ಟು, ಬಾಗಿಲು ಹಾಕಿ, ಆಗಸ್ಟಿನ ಆ ಸೆಕೆಯಲ್ಲಿ ನಾವು ನಾಲ್ವರೂ ಮೆಟ್ಟಿಲ ಬಳಿ ಬೆವರುತ್ತ ನಿಂತೆವು. ಎದುರು ಫ್ಲ್ಯಾಟಿನ ಪಾಕಿಸ್ತಾನಿ ಇಂಜಿನಿಯರ್ ಮೇಲೆ ಬಂದವರು ನಮ್ಮನ್ನು ನೋಡಿ, ಬೀಗದ ಕೈ ಒಳಗೇ ಉಳಿಯಿತೇನೋ ಎಂದುಕೊಂಡು ನಿಂತರು.

“ಕ್ಯಾ ಹುವಾ ಭಾಭೀ, ಚಾಬಿ ಅಂದರ್ ರಹ್ ಗಯೀ?”

“ನಹೀ ಭಾಯ್‌ಸಾಬ್,” ಸುಮತಿ ತಡವರಿಸಿದರು. ಒಳಗೆ ನೆಂಟರು ಊಟ ಮಾಡುತ್ತಿದ್ದಾರೆ ಎನ್ನಲು ಹಿಂದಿ ಹುಡುಕಿದರು. “ಅಂದರ್ ಮೆಹಮಾನ್ ಖಾನಾ ಖಾ ರಹೇ ಹೈಂ.”

ಮೂರನೇ ಕ್ಲಾಸಿನ ನಿಶಾ ತಲೆಯೆತ್ತಿ ಅಮ್ಮನನ್ನು ತಿದ್ದಿದಳು. “ನಾಟ್ ಗೆಸ್ಟ್, ಅಂಕಲ್. ಇಟ್ಸ್ ಡ್ಯಾಡಿ.”

ಇಂಜಿನಿಯರ್ ಎದೆಯ ಮೇಲೆ ಒಮ್ಮೆ ಕೈಯಿಟ್ಟುಕೊಂಡು, ತನ್ನ ಬಾಗಿಲನ್ನು ಸದ್ದಾಗದಂತೆ ತೆರೆದು ಒಳಗೆ ಹೋದರು. ಪದ್ಮಾ ಗೋಡೆಯ ಕಡೆಗೆ ತಿರುಗಿ ಕಣ್ಣೊರೆಸಿಕೊಂಡಳು. ನಾನು ಮೆಟ್ಟಿಲನ್ನೇ ನೋಡುತ್ತಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಸುಮತಿ ಮೆಲ್ಲಗೆ ಬಾಗಿಲು ಬಡಿದರು. ಒಳಗಿರುವವರಿಗೆ ಮುಜುಗರವಾಗದಂತೆ ಒಂದು ಕ್ಷಣ ತಡೆದು ತೆರೆದರು. ಕೋಣೆ ತಣ್ಣಗಿತ್ತು. ಎಲೆಯಲ್ಲಿದ್ದದ್ದು ಎಲೆಯಲ್ಲೇ ಇತ್ತು. ಅದನ್ನು ಮನೆಯವರು ಹಂಚಿಕೊಂಡು ತಿನ್ನಬೇಕಂತೆ. ಸುಮತಿ ಗ್ಲಾಸೆತ್ತಿ ನನ್ನ ಕೈಗೆ ಕೊಟ್ಟರು.

“ಇದು ನಿಮಗೆ. ಈ ಮನೆಯಲ್ಲಿ ಬೇರೆ ಯಾರು ಕುಡಿಯುವವರು ಇದ್ದಾರೆ?”

ನೊರೆ ಇಳಿದಿತ್ತು. ಕುಡಿದೆ. ನನ್ನ ಹಸಿರು ಬಾಟಲಿಗಿಂತ ಕಹಿ ಕಡಿಮೆ, ಸ್ವಲ್ಪ ತೆಳು, ಕೊನೆಯಲ್ಲಿ ಹುರಿದ ಗೋಧಿಯ ಥರದ ಒಂದು ರುಚಿ. ಕೊಳ್ಳಬಹುದೇ ಎಂದು ನೀವು ಕೇಳಿದರೆ, ಧಾರಾಳವಾಗಿ ಕೊಳ್ಳಬಹುದು. ಜಗಣ್ಣನ ಜೊತೆ ಒಂದು ಇಡೀ ಗುರುವಾರ ಜಗಳವಾಡಲು ಸಾಕಾಗುವಷ್ಟು ಅಭಿಪ್ರಾಯಗಳು ಒಂದೇ ಗುಟುಕಿಗೆ ಹುಟ್ಟಿಕೊಂಡವು.

“ಹೇಗುಂಟು?” ಎಂದರು ಸುಮತಿ.

“ಚೆನ್ನಾಗಿದೆ” ಎಂದೆ.

ಅದನ್ನು ಕೇಳಬೇಕಾಗಿದ್ದವರು ಆಗಷ್ಟೇ ಊಟ ಮುಗಿಸಿ ಎದ್ದು ಹೋಗಿದ್ದರು.